ಬಾಡಿಗೆಗೆ ಅರಮನೆ

ನಮ್ಮತ್ತಿಗೆಯ ಸೀರೆಯ ಅಂಚಿಗೆ ಯಾವಾಗಲೂ ಒಂದಿಷ್ಟು ಬಣ್ಣ ಮೆತ್ತಿಕೊಂಡಿರುತ್ತಿತ್ತು. ನೀಲಿಯೋ, ಇಟ್ಟಿಗೆ ಕೆಂಪೋ, ಎಲೆ ಹಸಿರೋ. ಅವರು ಬ್ರಷ್ ಹಿಡಿದವರಲ್ಲ. ಬಣ್ಣ ಒಣಗುವವರೆಗೆ ಕಾಯಲು ಅವರಿಂದ ಆಗುತ್ತಿರಲಿಲ್ಲ, ಅಷ್ಟೇ. ನಾನು ನಾಟಕದ ಪರದೆಗಳನ್ನು ನೆಲಕ್ಕೆ ಹಾಸಿ ಬರೆಯುತ್ತಿದ್ದ ಶೆಡ್ಡಿನಲ್ಲಿ ಈ ಬಾಗಿಲಿನಿಂದ ಆ ಬಾಗಿಲಿಗೆ ಹೋಗಲು ಗೋಡೆಯ ಪಕ್ಕ ಒಂದು ದಾರಿ ಬಿಟ್ಟಿದ್ದೆ. ಅತ್ತಿಗೆ ಒಂದು ದಿನವೂ ಆ ದಾರಿ ಹಿಡಿಯಲಿಲ್ಲ. ಸೀರೆಯನ್ನು ಒಂಚೂರು ಎತ್ತಿ ಹಿಡಿದು, ನಾನು ಬೆಳಗಿನಿಂದ ಬರೆದ ಆಕಾಶದ ಮೇಲೆ ದಡದಡ ನಡೆದು ಹೋಗಿಬಿಡುತ್ತಿದ್ದರು. ನಾನು ಕಿರುಚಿಕೊಂಡರೆ, "ಮೋಡ ಬರ್ದು ಮುಚ್ಚಪ್ಪಾ, ಯಾರಿಗೆ ಗೊತ್ತಾಗುತ್ತೆ" ಎನ್ನುತ್ತಿದ್ದರು. ಆ ಕಾಲದ ನನ್ನ ಪರದೆಗಳಲ್ಲಿ ಮೋಡ ವಿಪರೀತ ಇದ್ದದ್ದಕ್ಕೆ ಕಾರಣ ಅದು.

ಕೂತ ಅತ್ತಿಗೆಯನ್ನು ನಾನು ನೋಡಿದ್ದೇ ಕಡಿಮೆ. ಊಟಕ್ಕೆ ಕೂತರೂ ಒಂದು ಕಾಲು ಮಡಿಸಿ, ಇನ್ನೊಂದನ್ನು ಏಳಲು ಸಿದ್ಧವಾಗಿಟ್ಟುಕೊಂಡಿರುತ್ತಿದ್ದರು. ಸಾರು ಬಡಿಸುವಾಗಲೂ ತಲೆಯಲ್ಲಿ ನಾಳೆ ಯಾವ ಪರದೆ ಎಲ್ಲಿಗೆ ಹೋಗಬೇಕೆಂಬ ಯೋಚನೆ. ಅಣ್ಣನ ತಟ್ಟೆಗೆ ಎರಡು ಸಲ ಸಾರು ಬಿದ್ದು ನನ್ನ ಅನ್ನ ಹಾಗೇ ಬಿಳಿಯಾಗಿ ಉಳಿದಿರುತ್ತಿತ್ತು. ಬೀದಿಯಲ್ಲಿ ಲಾರಿ ನಿಂತ ಸದ್ದಾದರೆ ಸಾಕು, ನಮ್ಮ ಪರದೆ ವಾಪಸ್ಸು ಬಂತೆಂದು ಎದ್ದು ಓಡುವರು. ಹತ್ತರಲ್ಲಿ ಒಂಬತ್ತು ಸಲ ಅದು ಪಕ್ಕದ ಸೌದೆ ಡಿಪೋಗೆ ಬಂದ ಲಾರಿ. ಅವರ ಈ ಚಡಪಡಿಕೆ ಮನೆಯವರಿಗೆಲ್ಲ ನೆಗಡಿಯ ಹಾಗೆ ಅಂಟಿಕೊಂಡಿತ್ತು.

ಇದು ಅರವತ್ತರ ದಶಕದ ಮಾತು. ನಾವಿದ್ದದ್ದು ಹಲಸೂರಿನಲ್ಲಿ, ಕೆರೆಗೆ ಹತ್ತಿರ. ಅಣ್ಣ ಕೃಷ್ಣರಾಜಪುರದ ಕಡೆಯ ದೊಡ್ಡ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಅವರಿಗೆ ಮಕ್ಕಳಿರಲಿಲ್ಲ, ಮನೆಯಲ್ಲಿ ನಾವು ಮೂವರೇ. ನಾನು ಚಿತ್ರಕಲೆ ಕಲಿತು, ಎಲ್ಲೂ ಕೆಲಸ ಸಿಗದೆ, ಮನೆಯ ಹಿಂದಿದ್ದ ಹಳೆಯ ಕುದುರೆ ಲಾಯವನ್ನು, ಅದೇ ಆ ಶೆಡ್ಡನ್ನು, ಬಾಡಿಗೆಗೆ ಹಿಡಿದು 'ಆರ್ಟ್ ಸ್ಟುಡಿಯೋ' ಎಂದು ಬೋರ್ಡು ಬರೆದು ಹಾಕಿದ್ದೆ. ಆ ಬೋರ್ಡು ಬಿಟ್ಟರೆ ಬರೆಯಲು ಬೇರೇನೂ ಇರಲಿಲ್ಲ. ಅಣ್ಣನಿಗೆ ನನ್ನನ್ನು ತನ್ನ ಕಾರ್ಖಾನೆಯ ಪೇಂಟ್ ಶಾಪಿಗೆ ಸೇರಿಸುವ ಆಸೆ. "ಅಲ್ಲೂ ಬಣ್ಣಾನೇ ಕಣೋ. ತಿಂಗಳಾದ್ರೆ ಸಂಬಳ, ಕ್ಯಾಂಟೀನು, ಪಿ.ಎಫ್. ಇನ್ನೇನು ಬೇಕು ನಿನಗೆ?" ಎನ್ನುತ್ತಿದ್ದ. ತಗಡಿನ ಪೆಟ್ಟಿಗೆಗಳಿಗೆ ಬೆಳಗಿನಿಂದ ಸಂಜೆಯವರೆಗೆ ಬೂದು ಬಣ್ಣ ಹೊಡೆಯುವ ಕೆಲಸ ಅದು. ಚಿತ್ರಗಾರನಾಗಿಯೇ ಬದುಕಬೇಕೆಂಬ ಹಟ ಬೇಕಾದಷ್ಟಿತ್ತು, ಬದುಕುವ ದಾರಿ ಮಾತ್ರ ಗೊತ್ತಿರಲಿಲ್ಲ. ಆಗ ಅಡುಗೆಮನೆಯಿಂದ ಅತ್ತಿಗೆ ಹೇಳಿದರು: "ರೀ, ಒಂದು ಮನೆಯಿಂದ ಒಬ್ಬರು ಫ್ಯಾಕ್ಟ್ರಿಗೆ ಹೋದ್ರೆ ಸಾಕು. ಅವನನ್ನ ನನಗೆ ಬಿಡಿ."

ಮೊದಲ ಗಿರಾಕಿಗಳು ಅಣ್ಣನ ಕಾರ್ಖಾನೆಯ ನಾಟಕ ಸಂಘದವರೇ. ರಾಜರ ನಾಟಕ, ಅರಮನೆಯ ಪರದೆ ಬೇಕು ಅಂದರು. ಬರೆದುಕೊಟ್ಟೆ, ದುಡ್ಡು ಕೊಟ್ಟರು, ನನ್ನ ಪಾಲಿಗೆ ಕತೆ ಅಲ್ಲಿಗೆ ಮುಗಿಯಿತು. ಅತ್ತಿಗೆಯ ಪಾಲಿಗೆ ಶುರುವಾಯಿತು. ನಾಟಕವಾದ ಮೇಲೆ ಆ ಪರದೆ ಏನಾಯಿತು ಎಂದು ಅಣ್ಣನ ಪ್ರಾಣ ತಿಂದರು. ಕ್ಯಾಂಟೀನಿನ ಮೂಲೆಯಲ್ಲಿ ಸುತ್ತಿಟ್ಟಿದ್ದಾರೆ, ಇಲಿ ಕಡಿಯುತ್ತಿದೆ ಎಂದ ಅಣ್ಣ. ಅತ್ತಿಗೆ ಅಲ್ಲಿಂದೆದ್ದು ನೇರ ಶೆಡ್ಡಿಗೆ ಬಂದರು.

"ಅಲ್ಲಪ್ಪಾ, ಒಂದು ಸಂಜೆಗೆ ಬೇಕಾಗೋ ಸಾಮಾನನ್ನ ಯಾರಾದ್ರೂ ಮಾರ್ತಾರಾ? ಮದುವೆ ಮನೆಯವರು ಹಂಡೆ, ಕೊಳದಪ್ಪಲೆ ಕೊಂಡ್ಕೊತಾರಾ? ಬಾಡಿಗೆಗೆ ತರ್ತಾರೆ. ನೀನು ಬರ್ದಿರೋದೂ ಒಂದು ಹಂಡೆ ಅಂದ್ಕೋ."

ನನ್ನ ಚಿತ್ರವನ್ನು ಹಂಡೆ ಅಂದದ್ದಕ್ಕೆ ಮೈ ಉರಿದುಹೋಯಿತು. ಅವರು ಅದನ್ನು ಲೆಕ್ಕಕ್ಕೇ ಇಡದೆ, ಆ ಇಲಿ ಕಡಿದ ಅರಮನೆಯನ್ನು ಚಿಲ್ಲರೆ ಬೆಲೆಗೆ ವಾಪಸ್ಸು ಕೊಂಡು ತಂದು, ತೂತುಗಳಿಗೆ ತೇಪೆ ಹಾಕಿಸಿ, ಮೇಲೆ ನನ್ನಿಂದ ಬಣ್ಣ ಬಳಿಸಿ, ಬೇರೆ ಬೇರೆ ಸಂಘಗಳಿಗೆ ಬಾಡಿಗೆಗೆ ಕಳಿಸಿದರು. ಅದು ದುಡಿಯಿತು. ಕಾಡು ಬರೆಸಿದರು, ಬೀದಿ ಬರೆಸಿದರು, ಇನ್ನೊಂದು ಅರಮನೆ ಬರೆಸಿದರು. ಎರಡು ವರ್ಷದೊಳಗೆ ಲಾಯದ ಗೋಡೆಯುದ್ದಕ್ಕೂ ಸುತ್ತಿಟ್ಟ ಪರದೆಗಳು ನಿಂತವು, ಅಣ್ಣ ಪೇಂಟ್ ಶಾಪಿನ ಮಾತು ಆಡುವುದು ಸ್ವಲ್ಪ ಕಡಿಮೆಯಾಯಿತು.

ಗಿರಾಕಿಗಳು ಎಂಥೆಂಥವರು! ನವೆಂಬರಿನಲ್ಲಿ ಕನ್ನಡ ಸಂಘಗಳು, ಡಿಸೆಂಬರಿನಲ್ಲಿ ಚರ್ಚಿನವರು, ಪೊಂಗಲ್ಲಿಗೆ ತಮಿಳು ಸಭೆಗಳು, ನಡುವೆ ಶಿವಾಜಿನಗರದ ಉರ್ದು ಶಾಲೆಗಳ ವಾರ್ಷಿಕೋತ್ಸವ. ಎಲ್ಲರ ರಾಜರೂ ಅದೇ ಅರಮನೆಯಲ್ಲಿ ಕೂರಬೇಕು. ಹಾಗಾಗಿ ಅತ್ತಿಗೆಯದೊಂದು ಕಟ್ಟಪ್ಪಣೆ: ಪರದೆಯ ಮೇಲೆ ಯಾರ ಗುರುತೂ ಇರಕೂಡದು. ಕಂಬದ ಮೇಲೆ ಕಳಶ ಬರೆದರೆ ಅಳಿಸಬೇಕು. ಕಿಟಕಿಯ ಸರಳು ಶಿಲುಬೆಯಂತೆ ಕಂಡರೆ ಪಕ್ಕದಲ್ಲಿ ಇನ್ನೊಂದು ಸರಳು ಹಾಕಬೇಕು. ಒಮ್ಮೆ ಕಾಡಿನ ಪರದೆಯಲ್ಲಿ ಎಳೆಯ ಚಂದ್ರನನ್ನು ಬರೆದು ನನ್ನಷ್ಟಕ್ಕೇ ಬೀಗುತ್ತ ಕೂತಿದ್ದೆ. ಅತ್ತಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಪೂರ್ತಿ ಮಾಡು ಅದನ್ನ."

"ಅತ್ತಿಗೆ, ಅದು ಬಿದಿಗೆ ಚಂದ್ರ. ನೋಡಿ, ಎಷ್ಟು ಚೆನ್ನಾಗಿ ಬಂದಿದೆ."

"ಬಂದಿದೆ, ಇಲ್ಲ ಅಂದ್ನಾ? ಚೂರು ಚಂದ್ರ ಅಂದ್ರೆ ಒಬ್ಬರು ಬೇಕು ಅಂತಾರೆ, ಒಬ್ಬರು ಬೇಡ ಅಂತಾರೆ. ಹುಣ್ಣಿಮೆ ಆದ್ರೆ ಎಲ್ಲರಿಗೂ ಆಗುತ್ತೆ."

ಹುಣ್ಣಿಮೆ ಮಾಡಿದೆ. ಹೀಗೆ ಯಾವ ದೇಶದ್ದೂ ಅಲ್ಲದ ಅರಮನೆ, ಯಾವ ಊರಿನದೂ ಅಲ್ಲದ ಬೀದಿ, ಹೆಸರಿಲ್ಲದ ಮರಗಳ ಕಾಡು ಬರೆಯುತ್ತ ವರ್ಷಗಳು ಹೋದವು. ಮನೆ ನಡೆಯಿತು. ಆದರೆ ನನಗೆ ನೆಮ್ಮದಿ ಇರಲಿಲ್ಲ. ಫ್ಯಾಕ್ಟರಿಯಲ್ಲಿ ಪೆಟ್ಟಿಗೆಗೆ ಬಣ್ಣ ಹೊಡೆಯುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂಬ ಪ್ರಶ್ನೆ ಬೆಳಿಗ್ಗೆ ಬ್ರಷ್ ತೊಳೆಯುವಾಗಲೇ ಶುರುವಾಗುತ್ತಿತ್ತು.

ಪರದೆಯ ಬಟ್ಟೆ ಕೊಳ್ಳಲು ಅತ್ತಿಗೆ ಶಿವಾಜಿನಗರಕ್ಕೆ ಹೋಗುವಾಗ ಥಾನು ಹೊರಲು ನಾನೂ ಹೋಗಬೇಕಿತ್ತು. ಅಂಗಡಿಯ ಸಾಹೇಬರೊಡನೆ ಅವರ ದಖನಿ ಉರ್ದು ಕೇಳಬೇಕು! "ಕ್ಯಾ ಭಾಯ್, ಐಸಾ ಬೋಲೇತೊ ಕೈಸಾ?" ಎಂದು ಎದ್ದು ಮೆಟ್ಟಿಲಿಳಿಯುವರು, ಸಾಹೇಬರು ಕರೆದರೆ ಮತ್ತೆ ಹತ್ತುವರು, ಮತ್ತೆ ಇಳಿಯುವರು. ಕೊನೆಗೆ ಸಾಹೇಬರು ನನ್ನ ಕಡೆ ತಿರುಗಿ, "ನಿಮ್ ಭಾಬೀನ ಕೂರ್ಸಿ ಸ್ವಾಮಿ, ನನಗೆ ತಲೆ ತಿರುಗ್ತದೆ" ಎಂದು, ಅತ್ತಿಗೆ ಕೇಳಿದ ಬೆಲೆಗೇ ಕೊಟ್ಟುಬಿಡುತ್ತಿದ್ದರು. ಈ ಹತ್ತಿಳಿಯುವ ಆಟ ನಡೆಯುವಷ್ಟು ಹೊತ್ತು ನಾನು ರಸೆಲ್ ಮಾರುಕಟ್ಟೆಯೊಳಗೆ ಹೋಗಿ ನಿಲ್ಲುತ್ತಿದ್ದೆ. ಹೂವಿನ ರಾಶಿಯ ಹಿಂದೆ ನಿದ್ದೆಗಣ್ಣಿನ ಮುದುಕಿ, ಮಾಂಸದಂಗಡಿಯ ತೂಗುದೀಪ, ನಿಂಬೆಹಣ್ಣು ಹರವಿಕೊಂಡ ಗೋಣಿ, ಹೊರಗೆ ಬಂದರೆ ಚರ್ಚಿನ ಚೂಪು ಗೋಪುರ. ಎಲ್ಲಕ್ಕೂ ಗುರುತಿತ್ತು, ಹೆಸರಿತ್ತು, ವಾಸನೆಯಿತ್ತು. ಹರಿದು ಮೂಲೆ ಸೇರಿದ್ದ ಒಂದು ಬೀದಿ ಪರದೆಯ ಬೆನ್ನಿಗೆ ನಾನು ಯಾರಿಗೂ ಹೇಳದೆ ಆ ಮಾರುಕಟ್ಟೆಯನ್ನು ಬರೆಯತೊಡಗಿದೆ. ಬರೆಯುವಾಗ ಮಾತ್ರ ನನ್ನ ಕೈ ನನ್ನದೇ ಅನಿಸುತ್ತಿತ್ತು.

ಆ ವರ್ಷದ ನವೆಂಬರಿನಲ್ಲಿ ಬುಕಿಂಗಿನ ಮೇಲೆ ಬುಕಿಂಗು. ಒಂದೇ ಸಂಜೆ ಎರಡು ಸಂಘದವರಿಗೆ ಬೀದಿ ಬೇಕು, ನಮ್ಮ ಹತ್ತಿರ ನೆಟ್ಟಗಿದ್ದದ್ದು ಒಂದು ಬೀದಿ. ಇನ್ನೊಂದಕ್ಕೆ ಆ ಹರಿದದ್ದನ್ನೇ ಹೊಲಿಸಿ ಕಳಿಸೋಣ ಎಂದು ಅತ್ತಿಗೆ ತೀರ್ಮಾನಿಸಿದರು. ನಾನು ಹೊರಗೆಲ್ಲೋ ಬಣ್ಣ ತರಲು ಹೋಗಿದ್ದೆ. ಅವರು ಬಿಚ್ಚಿ ನೋಡುವ ಹೊತ್ತಿಲ್ಲದೆ, ದರ್ಜಿಯ ಕೈಲಿ ಅಂಚು ಹೊಲಿಸಿ ಗಾಡಿಗೆ ಹಾಕಿಸಿಬಿಟ್ಟರು. ಅದು ಹೋದದ್ದು ಅಣ್ಣನ ಕಾರ್ಖಾನೆಯ ಸಂಘಕ್ಕೆ. ಕಟ್ಟಿದವರು ಬಣ್ಣ ಹೊಸದಾಗಿ ಕಂಡ ಮಗ್ಗುಲನ್ನೇ ಮುಂದಕ್ಕೆ ಮಾಡಿ ಕಟ್ಟಿದರು.

ಮಹಾರಾಜರು ಮಾರುವೇಷದಲ್ಲಿ ರಾಜಧಾನಿಯ ಬೀದಿಗೆ ಬರುವ ದೃಶ್ಯ. ಪರದೆ ಇಳಿಯಿತು. ಸಭೆಯಲ್ಲಿದ್ದವರು ಭಾನುವಾರ ಭಾನುವಾರ ಆ ಮಾರುಕಟ್ಟೆಗೆ ಚೀಲ ಹಿಡಿದು ಹೋಗುವ ಜನವೇ. ಹಿಂದಿನಿಂದ ಒಬ್ಬ ಕೂಗಿದ, "ಲೋ, ನಮ್ ರಸೆಲ್ ಮಾರ್ಕೆಟ್ಟು ಕಣ್ರೋ!" ಇನ್ನೊಬ್ಬ ಎದ್ದು ನಿಂತು, "ಮಹಾಪ್ರಭು, ನಿಂಬೆಹಣ್ಣು ಡಜನ್ ಎಷ್ಟು?" ಅಂದ. ಹೆಂಗಸರು ಹೂವಿನ ಮುದುಕಿಯನ್ನು ಗುರುತು ಹಿಡಿದು ತೋರಿಸತೊಡಗಿದರು. ಮಹಾರಾಜನಾಗಿದ್ದ ಲೇತ್ ಆಪರೇಟರು ಮಾತು ಮರೆತು, ತಾನೂ ಹಿಂದಿರುಗಿ ಪರದೆ ನೋಡುತ್ತ ನಿಂತುಬಿಟ್ಟ. ಇದನ್ನೆಲ್ಲ ನಾನು ಕಣ್ಣಾರೆ ಕಾಣಲಿಲ್ಲ. ಮುಂದಿನ ಸಾಲಿನಲ್ಲಿ ಕಾರ್ಖಾನೆಯ ಸಾಹೇಬರ ಪಕ್ಕ ಕೂತು ಬೆವರಿದ ಅಣ್ಣ ಮನೆಗೆ ಬಂದು ಹೇಳಿದ್ದು.

"ನಾಳೆ ಡಿಪಾರ್ಟ್‌ಮೆಂಟಲ್ಲಿ ಮುಖ ಹೆಂಗೆ ತೋರಿಸ್ಲಿ ನಾನು? ಸಾಕು ನಿಮ್ಮಿಬ್ಬರ ಆಟ. ಈ ಸಲ ಪೇಂಟ್ ಶಾಪಲ್ಲಿ ಜಾಗ ಖಾಲಿಯಾದ್ರೆ ಇವನು ಸೇರ್ತಾನೆ, ಅಷ್ಟೇ."

ಅತ್ತಿಗೆ ಅಣ್ಣನ ಕೋಪವನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. "ರೀ, ಹೂವಿನ ಮುದುಕೀನ ಗುರುತು ಹಿಡಿದ್ರಾ? ನಿಜವಾಗ್ಲೂ?" ಎಂದರು. ಮಾರನೆಯ ದಿನ ಆ ಪರದೆ ವಾಪಸ್ಸು ಬಂದಾಗ ಬಿಸಿಲಿಗೆ ಹಾಸಿ, ಅದರ ಸುತ್ತ ಎಷ್ಟೋ ಹೊತ್ತು ಓಡಾಡಿದರು. ತುಳಿಯಲಿಲ್ಲ. ಆಮೇಲೆ ನನ್ನನ್ನು ಕರೆದು, "ಇಷ್ಟು ವರ್ಷದಲ್ಲಿ ನಿನ್ನ ಅರಮನೇನ ಒಬ್ಬರಾದ್ರೂ ಗುರುತು ಹಿಡಿದಿದ್ದಾರೇನಪ್ಪಾ?" ಎಂದು ಕೇಳಿದರು. ಯಾರ ಗುರುತೂ ಇರಬಾರದೆಂದು ಅಪ್ಪಣೆ ಮಾಡಿದವರೇ ಅವರು!

ಎಪ್ಪತ್ತರ ದಶಕ ಬಂತು. ಒಂದು ಮಧ್ಯಾಹ್ನ ಗಡ್ಡ ಬಿಟ್ಟ ಮೂವರು ಕಾಲೇಜು ಹುಡುಗರು, ಜುಬ್ಬ ತೊಟ್ಟು ಶೆಡ್ಡಿಗೆ ಬಂದರು. ಹೊಸ ಥರದ ನಾಟಕ ಮಾಡುವವರಂತೆ.

"ಮೇಡಂ, ನಮಗೆ ಸೀನ್ ಏನೂ ಬೇಡ. ಬರೀ ಕಪ್ಪು ಪರದೆ. ಹಿಂದೆ, ಪಕ್ಕ, ಎಲ್ಲಾ ಕಪ್ಪು."

"ರಾಜ ಎಲ್ಲಿ ಕೂರ್ತಾನೆ?"

"ರಾಜ ಇಲ್ಲ ಮೇಡಂ."

"ಕಾಡು?"

"ಕಾಡು ನೋಡೋರ ಮನಸ್ಸಲ್ಲಿರುತ್ತೆ."

"ಆಗ್ಲಿ. ಬಾಡಿಗೆ ಮಾತ್ರ ಮನಸ್ಸಲ್ಲಿಟ್ಕೊಬೇಡಿ, ಅರ್ಧ ಈಗಲೇ ಕೊಡಿ. ಅರಮನೆಗಿಂತ ಜಾಸ್ತಿ ಆಗುತ್ತೆ. ಕಪ್ಪು ಬಟ್ಟೆ ಮೇಲೆ ಒಂದು ಚೂರು ಧೂಳು ಕೂತ್ರೂ ಕಾಣುತ್ತೆ, ಒಗೆಯೋಳು ನಾನು."

ಅಂದೇ ಶಿವಾಜಿನಗರಕ್ಕೆ ಓಡಿ, ಸಾಹೇಬರ ಅಂಗಡಿಯಲ್ಲಿದ್ದ ಕಪ್ಪು ಬಟ್ಟೆಯನ್ನೆಲ್ಲ ಬಾಚಿಕೊಂಡು ಬಂದರು. ನೋಡನೋಡುತ್ತ ಅಂಥ ಹುಡುಗರ ತಂಡಗಳು ಎಲ್ಲೆಲ್ಲೂ ಹುಟ್ಟಿಕೊಂಡವು. ಕಾರ್ಖಾನೆಗಳ ಸಂಘದವರೂ ಅದನ್ನೇ ಕೇಳತೊಡಗಿದರು. ಕರಿ ಪರದೆಗಳು ವಾರದಲ್ಲಿ ಮೂರು ದಿನ ಹೊರಗಿರುತ್ತಿದ್ದವು. ನನ್ನ ಅರಮನೆಗಳು ಗೋಡೆಗೊರಗಿ ಧೂಳು ಹಿಡಿದವು. ಏನೂ ಬರೆಯದ ಬಟ್ಟೆ ನಾನು ಬರೆದದ್ದಕ್ಕಿಂತ ಹೆಚ್ಚು ದುಡಿಯುತ್ತಿತ್ತು. ಆ ಶೆಡ್ಡಿನಲ್ಲಿ ನನಗೇನು ಕೆಲಸ? ಬೆಳಗ್ಗೆದ್ದರೆ ಕೆರೆಯ ದಂಡೆಯ ಮೇಲೆ ಸುಮ್ಮನೆ ಸುತ್ತುವುದು, ಶೆಡ್ಡಿಗೆ ಬಂದು ಕೂರುವುದು, ಮತ್ತೆ ಏಳುವುದು. ಅತ್ತಿಗೆ ಲವಲವಿಕೆಯಿಂದ ಓಡಾಡುವುದನ್ನು ನೋಡಿದರೆ ಸಿಟ್ಟು ಬರುತ್ತಿತ್ತು. ಪೇಂಟ್ ಶಾಪಿನಲ್ಲಿ ಜಾಗ ಖಾಲಿಯಿದೆ ಎಂದು ಅಣ್ಣ ಹೇಳಿದ ದಿನ ನಾನೇ ಹೋಗುತ್ತೇನೆ ಅಂದುಬಿಟ್ಟೆ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಬದಲಿಸಿ ಕಾರ್ಖಾನೆಗೆ ಹೋಗಿ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಬಂದೆ. ಸೋಮವಾರ ಕೆಲಸಕ್ಕೆ ಬಾ ಎಂದರು. ಅಣ್ಣ ಮೈಸೂರುಪಾಕು ತಂದ. ಅತ್ತಿಗೆ ಒಂದು ಚೂರು ಬಾಯಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಶನಿವಾರ ಸಂಜೆ ಹೊಸ ಟಿಫನ್ ಕ್ಯಾರಿಯರ್ ಕೊಂಡು ಮನೆಗೆ ಬಂದೆ. ಬೀದಿಯಲ್ಲಿ ಲಾರಿಯೊಂದು ಹೊರಡುತ್ತಿತ್ತು, ಅದರ ಬೆನ್ನಿನಲ್ಲಿ ನನ್ನ ಪರದೆಗಳು. ಶೆಡ್ಡಿಗೆ ಹೋಗಿ ನೋಡಿದರೆ ಒಂದು ಅರಮನೆಯಿಲ್ಲ, ಒಂದು ಕಾಡಿಲ್ಲ. ಊರೂರು ತಿರುಗುವ ಉತ್ತರದ ಕಡೆಯ ನಾಟಕ ಕಂಪನಿಯೊಂದಕ್ಕೆ ಅತ್ತಿಗೆ ಒಟ್ಟಾಗಿ ಮಾರಿಬಿಟ್ಟಿದ್ದರು. ಕರಿ ಬಟ್ಟೆಗಳು ಒಂದು ಕಡೆ ಮಡಿಸಿ ಕೂತಿದ್ದವು. ನಡುವೆ ನೆಲದ ಮೇಲೆ ಒಂದು ಹೊಸ ಕ್ಯಾನ್ವಾಸಿನ ಸುರುಳಿ, ಒಳ್ಳೆಯ ಎಣ್ಣೆ ಬಣ್ಣದ ಟ್ಯೂಬುಗಳು. ಮಾರುಕಟ್ಟೆಯ ಪರದೆಯೊಂದನ್ನು ಮಾತ್ರ ಉಳಿಸಿಕೊಂಡು ಗೋಡೆಗೆ ಹೊಡೆಸಿದ್ದರು.

"ನನ್ನ ಹತ್ತು ವರ್ಷದ ಕೆಲಸ ಮಾರಿಬಿಟ್ರಲ್ಲ ಅತ್ತಿಗೆ, ಒಂದು ಮಾತು ಕೇಳ್ದೇನೆ!" ಎಂದು ಕೂಗಿದೆ.

"ಮಾರ್ದೆ. ಅವು ಇದ್ರೆ ನೀನು ಅವನ್ನೇ ಬರೀತಿದ್ದೆ. ಕರಿ ಪರದೆ ಮನೆ ನೋಡ್ಕೊಳ್ಳುತ್ತೆ, ಶೆಡ್ಡಿನ ಬಾಡಿಗೆ ಕಟ್ಟುತ್ತೆ. ನೀನು ಆ ಮುದುಕಿ ಥರದ್ದು ಬರಿ."

ಅಷ್ಟರಲ್ಲಿ ಅಣ್ಣ ಬಂದ. "ಅದನ್ನ ಯಾರು ಕೊಂಡ್ಕೊತಾರೆ? ಮಾರಾಟ ಆಗ್ದಿದ್ರೆ ಏನೇ ಮಾಡ್ತೀಯಾ?"

ಅತ್ತಿಗೆ ಇಬ್ಬರ ಕಡೆಗೂ ತಿರುಗಿ, "ಮಾರೋದು ನನ್ನ ಕೆಲಸ. ನನ್ನ ಕೆಲಸದಲ್ಲಿ ಯಾರೂ ಕೈ ಹಾಕ್ಬೇಡಿ" ಎಂದರು. ಹಾಗೆನ್ನುತ್ತಲೇ, ಆಗಲೇ ಮಡಿಸಿಟ್ಟಿದ್ದ ಕರಿ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸತೊಡಗಿದರು. ಅವರಿಗೂ ಹೆದರಿಕೆಯಿದೆ ಎಂದು ನನಗೆ ತಿಳಿದದ್ದು ಆಗಲೇ. ಹೆದರಿಕೊಂಡೇ ಅವರು ನನ್ನ ಮೇಲೆ ಎಲ್ಲವನ್ನೂ ಪಣ ಕಟ್ಟಿದ್ದರು. ಸೋಮವಾರ ನಾನು ಕೆಲಸಕ್ಕೆ ಹೋಗಲಿಲ್ಲ. ಮಾತು ಕೊಟ್ಟು ಅವಮಾನವಾಯಿತೆಂದು ಅಣ್ಣ ಬಹಳ ಕಾಲ ನನ್ನೊಡನೆ ಮಾತು ಬಿಟ್ಟ.

ವರ್ಷ ಕಳೆದು ಮಾರುಕಟ್ಟೆಯ ಚಿತ್ರಗಳ ಪ್ರದರ್ಶನ ಕಂಟೋನ್ಮೆಂಟಿನ ಒಂದು ಸಣ್ಣ ಹಾಲಿನಲ್ಲಿ ನಡೆಯಿತು. ಹಾಲಿನವರೊಂದಿಗೆ ಬಾಡಿಗೆ ಕಡಿಮೆ ಮಾಡಿಸಿದವರೂ ಅತ್ತಿಗೆ, ಬೆಂಚು ಎಳೆದು ಸರಿಸಿದವರೂ ಅತ್ತಿಗೆ. ಬಂದವರೊಬ್ಬರು ಬೆಲೆ ಕೇಳಿದಾಗ ನಾನು ಚಿತ್ರವನ್ನೇ ನೋಡುತ್ತ ಒಂದು ಸಣ್ಣ ಬೆಲೆ ಗೊಣಗಿದೆ. ಅತ್ತಿಗೆ ನಡುವೆ ಬಂದು ಅದರ ಮೂರರಷ್ಟು ಹೇಳಿದರು. ಆಮೇಲೆ ಮೂಲೆಗೆ ಕರೆದು ಬೈದರು: "ಚಿತ್ರ ನೋಡ್ಕೊಂಡು ಬೆಲೆ ಹೇಳ್ಬೇಡಪ್ಪಾ. ನಿನಗೆ ಅದರ ತಪ್ಪೆಲ್ಲ ಕಾಣುತ್ತೆ. ಕೊಳ್ಳೋರ ಮುಖ ನೋಡ್ಕೊಂಡು ಹೇಳು, ಅವರಿಗೆ ಕಾಣಲ್ಲ." ಆ ದಿನ ಎರಡು ಚಿತ್ರ ಹೋದವು. ಕೊನೆಯ ದಿನ ಅಣ್ಣನೂ ಶಿಫ್ಟು ಮುಗಿಸಿ ಬಂದು, ಬಾಗಿಲಲ್ಲೇ ನಿಂತು, ಇಣುಕಿ ನೋಡಿ ಹೋದನಂತೆ.

ಕೆಲವು ವರ್ಷ ಹೀಗೇ ನಡೆಯಿತು. ಎಲ್ಲ ವರ್ಷವೂ ಚೆನ್ನಾಗಿತ್ತು ಅನ್ನಲಾರೆ. ಚಿತ್ರ ಹೋಗದ ತಿಂಗಳುಗಳಲ್ಲಿ ಅತ್ತಿಗೆ ಇನ್ನಷ್ಟು ಜೋರಾಗಿ ಓಡಾಡುವರು, ಇನ್ನೊಂದು ಜೊತೆ ಕರಿ ಪರದೆ ಹೊಲಿಸುವರು. ನನಗೆ ಬಣ್ಣ ಕಡಿಮೆಯಾಯಿತು ಎನ್ನುವ ಮಾತು ಮಾತ್ರ ಬರಲಿಲ್ಲ. ಎಪ್ಪತ್ತರ ದಶಕದ ಕೊನೆಗೆ ಒಂದು ಬೆಳಿಗ್ಗೆ, ಗಾಡಿಯವನಿಗೆ ಏನೋ ಹೇಳುತ್ತ ಬಾಗಿಲಲ್ಲಿ ನಿಂತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವ ಮುಂಚೆಯೇ ಎಲ್ಲ ಮುಗಿದಿತ್ತು.

ಆ ಸಂಜೆಗೆ ಕರಿ ಪರದೆ ಬುಕ್ ಆಗಿತ್ತು. ಆ ತಂಡದ ಹುಡುಗರು ವಿಷಯ ಗೊತ್ತಿಲ್ಲದೆ ಪರದೆ ಒಯ್ಯಲು ಬಂದು, ಅಂಗಳದಲ್ಲಿ ನೆರೆದ ಜನರನ್ನು ಕಂಡು ಗಾಬರಿಯಾಗಿ ನಿಂತರು. ನಾಟಕ ನಿಲ್ಲಿಸುತ್ತೇವೆ ಎಂದು ಅವರಲ್ಲೊಬ್ಬ ನನ್ನ ಕೈ ಹಿಡಿದುಕೊಂಡ. ನಮ್ಮ ಸೋದರತ್ತೆಯೊಬ್ಬರು, ಸೂತಕದ ಮನೆಯಿಂದ ಸಾಮಾನು ಹೊರಗೆ ಹೋಗಕೂಡದು ಎಂದರು.

ಶವದ ಪಕ್ಕ ಕೂತಿದ್ದ ಅಣ್ಣ ಎದ್ದು ಬಂದ. "ಅಡ್ವಾನ್ಸ್ ತಗೊಂಡಿದ್ದಾಳೆ ಅವಳು. ತಗೊಂಡು ಹೋಗ್ರಪ್ಪಾ, ನಾಟಕ ಮಾಡಿ" ಎಂದ. ಅತ್ತೆ ಏನೋ ಹೇಳಹೋದರು. ಅಣ್ಣ ಅವರ ಕಡೆ ನೋಡದೆ ತಾನೇ ಶೆಡ್ಡಿಗೆ ಹೋಗಿ, ಮಡಿಸಿಟ್ಟ ಪರದೆಗಳನ್ನು ಒಂದೊಂದಾಗಿ ಹೊತ್ತು ತಂದು ಹುಡುಗರ ಕೈಗಿತ್ತ. ಅಷ್ಟು ವರ್ಷದಲ್ಲಿ ಅವನು ಆ ಶೆಡ್ಡಿನ ಒಂದು ಸಾಮಾನನ್ನೂ ಮುಟ್ಟಿದವನಲ್ಲ.

ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಅಣ್ಣ ಡ್ಯೂಟಿಗೆ ಹೋಗಲಿಲ್ಲ. ಎಲ್ಲಿಗೆಂದು ಹೇಳದೆ ಬೆಳಿಗ್ಗೆಯೇ ಹೊರಟು, ಬಿಸಿಲೇರಿದ ಮೇಲೆ ಬಂದ. ಹುಡುಗರನ್ನು ಹುಡುಕಿಕೊಂಡು ಹೋಗಿ, ಪರದೆಗಳನ್ನೂ ಬಾಕಿ ಬಾಡಿಗೆಯನ್ನೂ ತಂದಿದ್ದ. ನಾನು ಶೆಡ್ಡಿನಲ್ಲಿ ಖಾಲಿ ಕ್ಯಾನ್ವಾಸಿನ ಮುಂದೆ ಕೂತಿದ್ದೆ. ನೋಟುಗಳನ್ನು ನನ್ನ ಬ್ರಷ್ಷಿನ ಡಬ್ಬದ ಪಕ್ಕ ಇಟ್ಟ. "ಬಣ್ಣಕ್ಕೆ ಸಾಕಾಗುತ್ತಾ ನೋಡು. ಸಾಲ್ದಿದ್ರೆ ನನ್ನ ಸಂಬಳದಲ್ಲಿ ಕೊಡ್ತೀನಿ" ಎಂದು, ಕಣ್ಣೊರೆಸಿಕೊಂಡು ಹೋದ.

ಅದು ಅತ್ತಿಗೆ ನನಗಾಗಿ ದುಡಿದ ಕೊನೆಯ ಹಣ. ಅದನ್ನು ಮುಟ್ಟಲು ಎರಡು ದಿನ ಮನಸ್ಸು ಬರಲಿಲ್ಲ. ಮೂರನೆಯ ದಿನ ಹೋಗಿ ಬಣ್ಣ ತಂದೆ. ಇವತ್ತಿಗೂ ನಾನು ಬೇರೆ ಕೆಲಸ ಮಾಡಿಲ್ಲ.